ಏಳನೇ ಜನರೇಷನ್ ಲ್ಯಾಪ್‌ಟಾಪ್‌ಗೆ ವಿಂಡೋಸ್ 11

ನಮ್ಮ ಅತ್ತಿಗೆ ಹನುಮಂತನಗರದ ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಡಿಟಿಪಿ ಮಾಡುತ್ತಾರೆ. ಅವರ ಲ್ಯಾಪ್‌ಟಾಪ್ 2017ರದ್ದು. ಒಳಗಿರುವುದು ಇಂಟೆಲ್ ಐ5-7200ಯು, ಅಂದರೆ 7ನೇ ಜನರೇಷನ್ ಪ್ರೊಸೆಸರ್. 8 ಜಿಬಿ ರ್‍ಯಾಮ್ ಇದೆ. ಕೀಬೋರ್ಡ್‌ನ ಅಕ್ಷರಗಳು ಸವೆದಿವೆ, ಬ್ಯಾಟರಿ ಸೊರಗಿದೆ. ಅಷ್ಟು ಬಿಟ್ಟರೆ ಯಂತ್ರ ಗಟ್ಟಿಯಾಗಿದೆ. ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಇಂಟೆಲ್ ಚಿಪ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಪಟ್ಟಿ ಹೆಚ್ಚು ಕಡಿಮೆ 8ನೇ ಜನರೇಷನ್‌ನಿಂದಲೇ ಶುರು. ಇತ್ತ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು.

ಅಕ್ಟೋಬರ್ ಅಂದರೆ ಅತ್ತಿಗೆಗೆ ಪುರುಸೊತ್ತೇ ಇಲ್ಲದ ತಿಂಗಳು. ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ಕೈಗೆ ಬರಬೇಕು ಅಂತ ಪ್ರಕಾಶಕರೆಲ್ಲ ಒಟ್ಟಿಗೇ ಅವಸರ ಮಾಡುತ್ತಾರೆ. ಅದಕ್ಕೇ ದಸರಾ ಮುಗಿದ ಕೂಡಲೇ ವಿಂಡೋಸ್ 11 ಹಾಕುವ ಈ ಕೆಲಸಕ್ಕೆ ಕೈ ಹಾಕಿದೆವು.

‘ಇದು ಚೆನ್ನಾಗೇ ಓಡ್ತಿದೆಯಲ್ಲೋ. ಇದಕ್ಕೇನಾಗಿದೆ ಅಂತ ಬೇಡ ಅಂತಾರೆ?’ ಅಂತ ಅತ್ತಿಗೆ ಕೇಳಿದರು.

‘ಇದಕ್ಕೇನೂ ಆಗಿಲ್ಲ ಅತ್ತಿಗೆ. ಅವರೊಂದು ಗೆರೆ ಎಳೆದಿದ್ದಾರೆ. ನಿಮ್ಮ ಲ್ಯಾಪ್‌ಟಾಪ್ ಗೆರೆಯಿಂದ ಆಚೆ ಬಿದ್ದಿದೆ’ ಅಂದೆ.

ಆ ಗೆರೆ ಎಲ್ಲಿದೆ ಅಂತ ಸರಿಯಾಗಿ ನೋಡಿಕೊಳ್ಳುವುದೇ ಈ ಕೆಲಸದ ಅರ್ಧ ಭಾಗ. ವಿಂಡೋಸ್ 11 ಕೇಳುವುದು ಇಷ್ಟು: 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಯುಇಎಫ್ಐ ಫರ್ಮ್‌ವೇರ್ (ಯಂತ್ರ ಆನ್ ಆದ ಕೂಡಲೇ ಮೊದಲು ಓಡುವ, ಒಳಗೇ ಇರುವ ತಂತ್ರಾಂಶ), ಸೆಕ್ಯೂರ್ ಬೂಟ್, ಟಿಪಿಎಂ 2.0, ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್. ಟಿಪಿಎಂ ಅಂದರೆ ಗುಪ್ತಲಿಪಿಯ ಕೀಲಿಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಪುಟ್ಟ ವ್ಯವಸ್ಥೆ. ಕೆಲವು ಯಂತ್ರಗಳಲ್ಲಿ ಅದು ಬೇರೆಯೇ ಚಿಪ್. ಈ ಕಾಲದ ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ ಅನ್ನುವ ಹೆಸರಲ್ಲಿ ಫರ್ಮ್‌ವೇರ್ ಒಳಗೇ ಇರುತ್ತದೆ. ಸೆಕ್ಯೂರ್ ಬೂಟ್ ಮಾಡುವ ಕೆಲಸ ಬೇರೆ. ಕಂಪ್ಯೂಟರ್ ಆನ್ ಆಗುವಾಗ ಸಹಿ ಇಲ್ಲದ ಪ್ರೋಗ್ರಾಂ ಒಳಗೆ ನುಗ್ಗದಂತೆ ಅದು ತಡೆಯುತ್ತದೆ.

ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಓಡಿಸಿದೆ. ಟಿಪಿಎಂ ಇಲ್ಲ, ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಅಂತ ಬಂತು. ಬಯಾಸ್ ಒಳಗೆ, ಅಂದರೆ ಆ ಫರ್ಮ್‌ವೇರ್‌ನ ಸೆಟ್ಟಿಂಗ್ ಪರದೆಗೆ ಹೋಗಿ ನೋಡಿದರೆ ಪಿಟಿಟಿ ಆಫ್ ಆಗಿ ಕೂತಿತ್ತು. ಆನ್ ಮಾಡಿ ಮತ್ತೆ ಪರೀಕ್ಷಿಸಿದೆ. ಟಿಪಿಎಂ 2.0 ಸಿಕ್ಕಿತು. ಹಳೆಯ ಬಗೆಯಲ್ಲಿ ಬೂಟ್ ಆಗುವ ಲೆಗಸಿ ಮೋಡ್ ಬಿಟ್ಟು ಯುಇಎಫ್ಐಗೆ ಹೋದರೆ ಸೆಕ್ಯೂರ್ ಬೂಟ್ ಕೂಡ ಇತ್ತು. ಕೊನೆಗೆ ಉಳಿದ ತಕರಾರು ಒಂದೇ, ಪ್ರೊಸೆಸರಿನ ಜನರೇಷನ್.

ನನಗೆ ನಿಜಕ್ಕೂ ಬೇಸರ ತಂದ ವಿಷಯ ಇಲ್ಲಿದೆ. 7ನೇ ಜನರೇಷನ್ ಪೂರ್ತಿಯಾಗಿ ಹೊರಗೇನೂ ಇಲ್ಲ. 2021ರ ಆಗಸ್ಟ್‌ನಲ್ಲಿ ಐ7-7820ಎಚ್‌ಕ್ಯೂ ಚಿಪ್ಪನ್ನು, ಜೊತೆಗೆ ಕೋರ್ ಎಕ್ಸ್ ಮತ್ತು ಝಿಯಾನ್ ಡಬ್ಲ್ಯು ಸರಣಿಗಳನ್ನು ಪಟ್ಟಿಗೆ ಸೇರಿಸಿದರು. 7820ಎಚ್‌ಕ್ಯೂ ಇರುವುದು ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿ. ವಿಂಡೋಸ್ 11ರ ಭದ್ರತೆಯ ಬೆನ್ನೆಲುಬು ಮೆಮೊರಿ ಇಂಟೆಗ್ರಿಟಿ, ಅಂದರೆ ಕೆಟ್ಟ ಪ್ರೋಗ್ರಾಂ ವಿಂಡೋಸ್‌ನ ತಿರುಳಿಗೆ ನುಗ್ಗದಂತೆ ಕಾಯುವ ವ್ಯವಸ್ಥೆ. ಅದು ನಿಧಾನವಾಗದೆ ಓಡಲು ಪ್ರೊಸೆಸರ್‌ನಲ್ಲಿ ಎಂಬಿಇಸಿ ಅನ್ನುವ ಸೌಲಭ್ಯ ಇರಬೇಕು. ಇಂಟೆಲ್‌ನಲ್ಲಿ ಅದು ಶುರುವಾಗಿದ್ದೇ ಕೇಬಿ ಲೇಕ್‌ನಿಂದ, ಅಂದರೆ ಈ 7ನೇ ಜನರೇಷನ್‌ನಿಂದ. ಅತ್ತಿಗೆಯ ಚಿಪ್‌ನಲ್ಲೂ ಅದು ಇದೆ. ಕೆಲಸಕ್ಕೆ ಬೇಕಾದ್ದೆಲ್ಲ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೇ.

ಆ ಕಡೆಯ ಮಾತನ್ನೂ ಹೇಳಬೇಕು. ನಿಯಮಕ್ಕೆ ಹೊಂದದ ಯಂತ್ರಗಳಲ್ಲಿ ಪರೀಕ್ಷೆಯ ಹೊತ್ತಿಗೆ ಕರ್ನಲ್ ಕ್ರ್ಯಾಶ್‌ಗಳು (ವಿಂಡೋಸ್‌ನ ತಿರುಳೇ ಕುಸಿದು ನಿಲ್ಲುವುದು) ಶೇ. 52ರಷ್ಟು ಜಾಸ್ತಿ ಇದ್ದವು ಅಂತ ಮೈಕ್ರೋಸಾಫ್ಟ್ ಅದೇ ಆಗಸ್ಟ್‌ನಲ್ಲಿ ಹೇಳಿತ್ತು. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಹಳೆಯ ಡ್ರೈವರ್‌ಗಳು ತೊಂದರೆ ಕೊಡುತ್ತವೆ, ಅದು ನಿಜ. ಹೀಗೆ ಹಾಕಿಕೊಂಡ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಹಕ್ಕಿಲ್ಲ ಅಂತಲೂ ಅವರ ಎಚ್ಚರಿಕೆ ಇದೆ. ಇವನ್ನೆಲ್ಲ ಅತ್ತಿಗೆಗೆ ಬಿಡಿಸಿ ಹೇಳಿದೆ. ಯಂತ್ರ ಅವರದು, ಹೊಟ್ಟೆಪಾಡು ಅವರದು. ತೀರ್ಮಾನ ಅವರೇ ಮಾಡಬೇಕಿತ್ತು.

ಇನ್ನೊಂದು ದಾರಿಯೂ ಇತ್ತು. ವಿಂಡೋಸ್ 10ಕ್ಕೇ ಇಎಸ್‌ಯು, ಅಂದರೆ ಅವಧಿ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಯೋಜನೆಯಲ್ಲಿ ಹೆಸರು ಕೊಟ್ಟರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಕೈಯಲ್ಲಿ ತುರ್ತು ಕೆಲಸ ಇದ್ದು ಏನನ್ನೂ ಮುಟ್ಟಲು ಆಗದವರಿಗೆ ಅದು ಒಳ್ಳೆಯದೇ. ಅತ್ತಿಗೆ ಬೇಡ ಅಂದರು. ‘ಮುಂದಿನ ಅಕ್ಟೋಬರ್‌ನಲ್ಲೂ ನನಗೆ ಇದೇ ರಗಳೆ ಅಲ್ವಾ? ಈಗಲೇ ಮುಗಿಸಿಬಿಡು’ ಅಂದರು.

ನನ್ನ ಷರತ್ತು ಒಂದೇ ಇತ್ತು. ಹಳೆಯ ಹಾರ್ಡ್ ಡಿಸ್ಕನ್ನು ಮುಟ್ಟಬಾರದು. ಅದನ್ನು ಹಾಗೆ ಹಾಗೇ ತೆಗೆದಿಟ್ಟು ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಬೇಕು. ಏನಾದರೂ ಕೆಟ್ಟರೆ ಹಳೆಯ ಡಿಸ್ಕ್ ವಾಪಸ್ ಸಿಕ್ಕಿಸಿ, ಬಯಾಸ್ ಸೆಟ್ಟಿಂಗ್ ಮೊದಲಿನಂತೆ ಮಾಡಿದರೆ ಕೆಲಸ ಮುಂದುವರಿಯುತ್ತದೆ. ಇದ್ದ ಡಿಸ್ಕ್ ಮೇಲೇ ಪ್ರಯೋಗ ಮಾಡುವುದಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್, ಅಂದರೆ ಇಡೀ ಡಿಸ್ಕನ್ನು ಗುಪ್ತಲಿಪಿಗೆ ಬದಲಿಸಿ ಬೀಗ ಹಾಕುವ ಸೌಲಭ್ಯ ಆನ್ ಇದೆಯಾ ಅಂತ ನೋಡಿಕೊಳ್ಳಲೇಬೇಕು. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು, ಅದನ್ನು ಸಸ್ಪೆಂಡ್ ಮಾಡಿ ಮುಂದುವರಿಯಬೇಕು. ಅತ್ತಿಗೆಯದರಲ್ಲಿ ಆಫ್ ಇತ್ತು.

ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಸಣ್ಣ ಸ್ಕ್ರೂ ಬೇಕಾದರೂ ಜನ ಅಲ್ಲಿಗೇ ಹೋಗುತ್ತಾರೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಹಳೆಯ ಡಿಸ್ಕ್‌ಗೆ ಯುಎಸ್‌ಬಿ ಕೇಸಿಂಗ್, 16 ಜಿಬಿ ಪೆನ್ ಡ್ರೈವ್ ಬೇಕಿತ್ತು. ಅಂಗಡಿಯವರು ಮಾಡೆಲ್ ಕೇಳಿ, ‘ಇದಕ್ಕೆ ಹನ್ನೊಂದು ಕೂರಲ್ಲ ಸಾರ್, ಸುಮ್ನೆ ಯಾಕೆ ದುಡ್ಡು ಹಾಕ್ತೀರಾ? ಸೆಕೆಂಡ್ಸ್‌ನಲ್ಲಿ ಏಯ್ತ್ ಜನರೇಷನ್ ಇದೆ, ನೋಡಿ’ ಅಂದರು. ಅವರ ಸಲಹೆ ತಪ್ಪೇನಲ್ಲ. ಆದರೆ ಚೆನ್ನಾಗಿ ಓಡುವ ಯಂತ್ರ ಗುಜರಿಗೆ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದೇ ರಸ್ತೆಯಲ್ಲಿ ಬಿಚ್ಚಿ ರಾಶಿ ಹಾಕಿದ ಮದರ್‌ಬೋರ್ಡ್‌ಗಳನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಬೇಕಾದ್ದು ಕೊಂಡು ಬಂದೆ.

ವಿಂಡೋಸ್ ಹಾಕಲು ಬೇಕಾದ್ದೆಲ್ಲ ಇರುವ ಐಎಸ್ಒ ಫೈಲನ್ನು ಮೈಕ್ರೋಸಾಫ್ಟ್‌ನ ತಾಣದಿಂದಲೇ ಇಳಿಸಿಕೊಂಡೆ, ಆಗಷ್ಟೇ ಬಂದಿದ್ದ 25ಎಚ್2 ಆವೃತ್ತಿ. ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ-256 ಅನ್ನುವ, ಫೈಲು ಚೂರು ಬದಲಾದರೂ ಬೇರೆಯಾಗುವ ಮೊತ್ತ ಕೊಟ್ಟಿರುತ್ತಾರೆ. ಪವರ್‌ಶೆಲ್‌ನಲ್ಲಿ ನಮ್ಮ ಫೈಲಿನ ಮೊತ್ತ ತೆಗೆದು ಎರಡನ್ನೂ ತಾಳೆ ನೋಡಿದೆ. ಈ ಮಾತನ್ನು ಒತ್ತಿ ಹೇಳುತ್ತೇನೆ. ‘ಟಿಪಿಎಂ ತೆಗೆದ ವಿಂಡೋಸ್’, ‘ಹಗುರ ವಿಂಡೋಸ್’ ಅಂತ ಯಾರೋ ತಿದ್ದಿದ ಐಎಸ್ಒಗಳು ಎಲ್ಲೆಡೆ ಓಡಾಡುತ್ತಿವೆ. ಅದರೊಳಗೆ ಏನು ಸೇರಿಸಿದ್ದಾರೋ ಗೊತ್ತಾಗುವುದಿಲ್ಲ. ಭದ್ರತೆಗಾಗಿ ವಿಂಡೋಸ್ ಬದಲಿಸಲು ಹೊರಟವರು ಅಂಥದ್ದನ್ನು ಹಾಕಿಕೊಳ್ಳುವುದರಲ್ಲಿ ಅರ್ಥವೇ ಇಲ್ಲ.

ಪೆನ್ ಡ್ರೈವ್ ಮಾಡಲು ರೂಫಸ್ ಬಳಸಿದೆ. ಉಚಿತ, ಮುಕ್ತ ತಂತ್ರಾಂಶ. ಸ್ಟಾರ್ಟ್ ಒತ್ತಿದರೆ ಒಂದು ಪುಟ್ಟ ಕಿಟಕಿ ಬರುತ್ತದೆ. ರ್‍ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ ತಪಾಸಣೆ ತೆಗೆಯಲೇ? ಆನ್‌ಲೈನ್ ಖಾತೆಯ ಕಡ್ಡಾಯ ತೆಗೆಯಲೇ? ಬಿಟ್‌ಲಾಕರ್ ತಾನಾಗೇ ಆನ್ ಆಗುವುದನ್ನು ನಿಲ್ಲಿಸಲೇ? ಹೀಗೆ ಕೇಳುತ್ತದೆ. ಮೂರಕ್ಕೂ ಟಿಕ್ ಹಾಕಿದೆ.

ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. 24ಎಚ್2ರಿಂದ ಈಚೆಗೆ ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ. ರಿಕವರಿ ಕೀ ಆ ಖಾತೆಯೊಳಗೆ ಕೂರುತ್ತದೆ. ಖಾತೆಯ ಪಾಸ್‌ವರ್ಡ್ ಮರೆತು, ಯಂತ್ರವೂ ಕೈಕೊಟ್ಟರೆ ಬರೆದಿದ್ದೆಲ್ಲ ಹೋದಂತೆಯೇ. ಅತ್ತಿಗೆಯ ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದಿಲ್ಲ. ಅವರಿಗೆ ಕಳ್ಳತನಕ್ಕಿಂತ ಕಡತ ಕಳೆಯುವ ಭಯವೇ ದೊಡ್ಡದು. ಅದಕ್ಕೇ ಬೇಡ ಅಂದೆ. ದಿನಾ ಬಸ್ಸು ಮೆಟ್ರೋದಲ್ಲಿ ಲ್ಯಾಪ್‌ಟಾಪ್ ಹೊತ್ತು ತಿರುಗುವವರು ಮಾತ್ರ ಎನ್‌ಕ್ರಿಪ್ಷನ್ ಇಟ್ಟುಕೊಳ್ಳಲೇಬೇಕು, ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು.

ಹಾಕುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬ್ಯಾಟರಿ ನಂಬುವಂತಿರಲಿಲ್ಲ, ಹಾಗಾಗಿ ಯುಪಿಎಸ್‌ಗೆ ಸಿಕ್ಕಿಸಿದೆ. ಪೆನ್ ಡ್ರೈವ್‌ನಿಂದ ಬೂಟ್ ಆಯಿತು, ಯಾವ ತಕರಾರೂ ಬರಲಿಲ್ಲ. ವೈಫೈ ಮಾತ್ರ ಕಾಣಲಿಲ್ಲ. ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ನೆಟ್ ಸಿಕ್ಕ ಮೇಲೆ ವೈಫೈ, ಟಚ್‌ಪ್ಯಾಡ್, ಗ್ರಾಫಿಕ್ಸ್ ಡ್ರೈವರ್‌ಗಳೆಲ್ಲ ವಿಂಡೋಸ್ ಅಪ್‌ಡೇಟ್‌ನಿಂದ ತಾವಾಗೇ ಬಂದವು. ಲೈಸೆನ್ಸ್ ಹೊಸದಾಗಿ ಕೊಳ್ಳಬೇಕಾಗಲಿಲ್ಲ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಅದೇ ಎಡಿಷನ್ ಹಾಕಿದರೆ 11 ಕೂಡ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ. ಮುಚ್ಚಳ ಮುಚ್ಚಿ ತೆರೆದರೆ ಪರದೆ ಏಳುತ್ತಿರಲಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿದ್ದ ವಿಂಡೋಸ್ 10ರ ಚಿಪ್‌ಸೆಟ್ ಡ್ರೈವರ್ ಹಾಕಿದ ಮೇಲೆ ಸರಿಹೋಯಿತು.

ನಿಜವಾದ ಕೆಲಸ ಕನ್ನಡದ್ದು.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಅತ್ತಿಗೆಯ ವರ್ಷಗಟ್ಟಲೆ ಕೆಲಸ ಇದೆ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳು. ಫಾಂಟ್ ಇಲ್ಲದಿದ್ದರೆ ಇಡೀ ಕಾದಂಬರಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ಹಳೆಯ ಡಿಸ್ಕನ್ನು ಕೇಸಿಂಗ್‌ಗೆ ಹಾಕಿ ಫಾಂಟ್‌ಗಳನ್ನೆಲ್ಲ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದೆ. ವರ್ಡ್‌ನಲ್ಲಿ ಬಂದವು. ಪುಟ ಕಟ್ಟುವ ಹಳೆಯ ತಂತ್ರಾಂಶದ ಪಟ್ಟಿಯಲ್ಲಿ ಬರಲಿಲ್ಲ.

‘ಅಕ್ಷರ ಎಲ್ಲ ಹೋಯ್ತಾ?’ ಅಂತ ಅತ್ತಿಗೆ ಗಾಬರಿಯಾದರು.

ಕಾರಣ ಸಣ್ಣದು. ಈಗಿನ ವಿಂಡೋಸ್‌ನಲ್ಲಿ ಫಾಂಟ್ ಹಾಕಿದರೆ ಅದು ಆ ಬಳಕೆದಾರರ ಫೋಲ್ಡರ್‌ಗೆ ಮಾತ್ರ ಹೋಗುತ್ತದೆ. ಕೆಲವು ಹಳೆಯ ತಂತ್ರಾಂಶಗಳು ಅಲ್ಲಿ ಹುಡುಕುವುದಿಲ್ಲ. ರೈಟ್ ಕ್ಲಿಕ್ ಮಾಡಿ ‘ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್’ ಅನ್ನುವುದನ್ನು ಆರಿಸಬೇಕು. ಹಾಗೆ ಮಾಡಿದ ಮೇಲೆ ಪುಟಗಳು ಸಾಲು ಮುರಿಯದೆ ಮೊದಲಿನಂತೆಯೇ ತೆರೆದವು. ಅತ್ತಿಗೆ ಪಕ್ಕದಲ್ಲಿ ಹಳೆಯ ಪ್ರಿಂಟ್ ಇಟ್ಟುಕೊಂಡು ಒಂದೊಂದೇ ಪುಟ ತಾಳೆ ನೋಡಿದರು. ಆ ತಾಳ್ಮೆ ನನಗಿಲ್ಲ.

ತುಂಗಾ ಫಾಂಟ್‌ನದು ಇನ್ನೊಂದು ಕಥೆ. ಬಹಳ ಲೇಖಕರು ಹಸ್ತಪ್ರತಿಯನ್ನು ತುಂಗಾದಲ್ಲೇ ಕಳಿಸುತ್ತಾರೆ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ, ನಿರ್ಮಲಾ ಯುಐ ಮಾತ್ರ ಇರುತ್ತದೆ. ಅಕ್ಷರ ಕಾಣುತ್ತದೆ, ಆದರೆ ಅಳತೆ ಬೇರೆಯಾಗಿ ಪುಟಗಳ ಲೆಕ್ಕ ತಪ್ಪುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್ ಒಳಗೆ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಅಂತ ಇದೆ. ಅದನ್ನು ಸೇರಿಸಿದರೆ ತುಂಗಾ ಬರುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ವಿಂಡೋಸ್ ಹಾಕಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಇದು.

ಮೆಮೊರಿ ಇಂಟೆಗ್ರಿಟಿ ಆನ್ ಮಾಡಲು ಹೋದಾಗ ಒಂದು ಡ್ರೈವರ್ ಹೊಂದುತ್ತಿಲ್ಲ ಅಂತ ಬಂತು. ಹಳೆಯ ತಂತ್ರಾಂಶದ ಡಾಂಗಲ್ (ಅದು ಓಡಲು ಯಂತ್ರಕ್ಕೆ ಸಿಕ್ಕಿಸಬೇಕಾದ ಲೈಸೆನ್ಸ್ ಕೀಲಿ) ಡ್ರೈವರ್ ಅದು. ಆ ರಕ್ಷಣೆ ಬಿಟ್ಟುಬಿಟ್ಟರೆ ಸುಲಭವಿತ್ತು, ಆದರೆ ನಾವು ಇಷ್ಟೆಲ್ಲ ಮಾಡಿದ್ದೇ ಅದಕ್ಕಾಗಿ. ಹುಡುಕಿದ ಮೇಲೆ ಡಾಂಗಲ್ ತಯಾರಕರ ಹೊಸ ಡ್ರೈವರ್ ಸಿಕ್ಕಿತು. ಹಳೆಯದನ್ನು ತೆಗೆದು ಅದನ್ನು ಹಾಕಿದೆ. ಡಾಂಗಲ್ ಕೂಡ ಓಡಿತು, ಮೆಮೊರಿ ಇಂಟೆಗ್ರಿಟಿಯೂ ಆನ್ ಆಯಿತು. ಪಟ್ಟಿಯಿಂದ ಹೊರಗಿಟ್ಟ ಚಿಪ್ ಮೇಲೆ ಆ ಹಸಿರು ಟಿಕ್ ನೋಡಿ ನನಗೆ ಬಹಳ ಖುಷಿಯಾಯಿತು.

ಈ ಸುದ್ದಿ ಕೆಳಗಿನ ಮನೆಯ ಮೇಷ್ಟ್ರಿಗೆ ಮುಟ್ಟಿತು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಪತ್ರಿಕೆಗಳಿಗೆ ಲೇಖನ ಬರೆಯುತ್ತಾರೆ. ಅವರ ಹತ್ತಿರ ಕೋರ್ 2 ಡ್ಯುಯೋ ಇರುವ ಡೆಸ್ಕ್‌ಟಾಪ್ ಇದೆ, 4 ಜಿಬಿ ರ್‍ಯಾಮ್. ‘ನನ್ನದಕ್ಕೂ ಹಾಕಿಕೊಡಪ್ಪ, ಅವಳದ್ದಕ್ಕೆ ಆದ ಮೇಲೆ ನನ್ನದಕ್ಕೆ ಯಾಕಾಗಲ್ಲ?’ ಅಂದರು.

‘ನಿಮ್ಮದಕ್ಕೆ ಆಗಲ್ಲ ಮೇಷ್ಟ್ರೇ. ಅತ್ತಿಗೆಯದಕ್ಕೆ ಹಾಕಬೇಡಿ ಅಂತ ಕಂಪನಿಯವರು ಹೇಳಿದ್ದು. ನಿಮ್ಮದರಲ್ಲಿ ಚಿಪ್ಪೇ ಆಗಲ್ಲ ಅನ್ನುತ್ತೆ’ ಅಂದೆ.

ಇದನ್ನು ಎಲ್ಲರೂ ತಿಳಿದಿರಬೇಕು ಅಂತ ನನ್ನ ಆಸೆ. ವಿಂಡೋಸ್ 11ರ 24ಎಚ್2ರಿಂದ ಈಚೆಗೆ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ4.2 ಆದೇಶಗಳು ಇರಲೇಬೇಕು. ಇಂಟೆಲ್‌ನ ಮೊದಲ ಜನರೇಷನ್ ಐ5, ಐ7ರಲ್ಲೇ ಅವು ಇವೆ. ಕೋರ್ 2 ಡ್ಯುಯೋದಲ್ಲಿ ಇಲ್ಲ. ಇಲ್ಲದಿದ್ದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ. ರೂಫಸ್‌ನಲ್ಲಿ ಎಷ್ಟು ಟಿಕ್ ಹಾಕಿದರೂ ಇಲ್ಲದ ಆದೇಶ ಚಿಪ್‌ನಲ್ಲಿ ಹುಟ್ಟುವುದಿಲ್ಲ. ನಿಯಮದ ಬೇಲಿಯನ್ನು ದಾಟಬಹುದು, ಸಿಲಿಕಾನ್‌ನ ಬೇಲಿಯನ್ನಲ್ಲ. ನಿಮ್ಮ ಯಂತ್ರದ ಮುಂದೆ ಯಾವ ಬೇಲಿ ಇದೆ ಅನ್ನುವುದು ಪ್ರೊಸೆಸರ್ ಹೆಸರು ನೋಡಿದರೆ ಗೊತ್ತಾಗುತ್ತದೆ. ಪೆನ್ ಡ್ರೈವ್ ಕೊಳ್ಳುವ ಮೊದಲೇ ನೋಡಿಬಿಡಬೇಕು.

ಮೇಷ್ಟ್ರ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನುವ ಉಚಿತ ವ್ಯವಸ್ಥೆ ಹಾಕಿದೆವು, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಅದು ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲ ಇದೆ. 2 ಜಿಬಿ ರ್‍ಯಾಮ್ ಇದ್ದರೂ ಓಡುತ್ತದೆ. ಡಿಸ್ಕ್ ಮುಟ್ಟದೆ ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಬಹುದು ಅನ್ನುವುದು ಮೇಷ್ಟ್ರಿಗೆ ಬಹಳ ಹಿಡಿಸಿತು. ಒಂದು ಸಂಜೆ ಪೂರ್ತಿ ಹಾಗೇ ಓಡಿಸಿ, ಪತ್ರಿಕೆ ಓದಿ, ಪ್ರಿಂಟ್ ತೆಗೆದು ನೋಡಿದರು. ಆಮೇಲೆ ಒಪ್ಪಿದರು. ಅವರ ಕೇಳಿಕೆ ಒಂದೇ ಇತ್ತು: ಬೆರಳಿಗೆ ರೂಢಿಯಾದ ಕೀಲಿ ಬದಲಾಗಬಾರದು. ಕೆ. ಪಿ. ರಾವ್ ರೂಪಿಸಿದ ವಿನ್ಯಾಸವನ್ನೇ ಅನುಸರಿಸುವ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಬೇರೆ ಏನನ್ನೂ ಇಳಿಸಿಕೊಳ್ಳದೆ ಅದನ್ನು ಸೇರಿಸಿಕೊಟ್ಟೆ. ಮೇಷ್ಟ್ರು ಲಿಬ್ರೆ ಆಫೀಸ್ ತೆರೆದು ಅರ್ಧ ಬರೆದಿದ್ದ ಲೇಖನ ಮುಂದುವರಿಸಿದರು. ಅವರ ಕೆಲಸಕ್ಕೆ ಇಷ್ಟು ಸಾಕು. ಅತ್ತಿಗೆಗೆ ಇದು ಸಾಲುತ್ತಿರಲಿಲ್ಲ. ಮುದ್ರಣಾಲಯದವರು ಕೇಳುವ ಫೈಲು, ಡಾಂಗಲ್, ಹಳೆಯ ಪುಟಗಳು ಎಲ್ಲವೂ ವಿಂಡೋಸ್‌ಗೇ ಕಟ್ಟಿಹಾಕಿಕೊಂಡಿವೆ.

ಅತ್ತಿಗೆಯ ಪುಸ್ತಕಗಳು ರಾಜ್ಯೋತ್ಸವಕ್ಕೆ ಮೊದಲೇ ಪ್ರೆಸ್ಸಿಗೆ ಹೋದವು. ಎಸ್‌ಎಸ್‌ಡಿ ಇರುವುದರಿಂದ ಕಡತಗಳು ಬೇಗ ತೆರೆಯುತ್ತವೆ. ಅದು ವಿಂಡೋಸ್ 11ರ ಗುಣ ಅಲ್ಲ, ಡಿಸ್ಕಿನ ಗುಣ. ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಬಿಡುವ ಸೆಕ್ಯುರಿಟಿ ಅಪ್‌ಡೇಟ್‌ಗಳು ಈವರೆಗೆ ಬರುತ್ತಿವೆ. ಬಂದಿವೆಯಾ ಅಂತ ನಾನು ಪ್ರತಿ ತಿಂಗಳೂ ಹೋಗಿ ನೋಡುತ್ತೇನೆ, ಯಾಕೆಂದರೆ ಹಕ್ಕಿಲ್ಲ ಅಂತ ಅವರು ಮೊದಲೇ ಹೇಳಿಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಮಾತ್ರ ಇಂಥ ಯಂತ್ರಗಳಿಗೆ ತಾನಾಗೇ ಬರುವುದಿಲ್ಲ. ಆಗ ಮತ್ತೆ ರೂಫಸ್‌ನಲ್ಲಿ ಪೆನ್ ಡ್ರೈವ್ ಮಾಡಿ, ಈ ಸಲ ಕಡತಗಳನ್ನು ಉಳಿಸಿಕೊಂಡೇ ಅಪ್‌ಗ್ರೇಡ್ ಮಾಡಬೇಕು. ಹೋಮ್ ಎಡಿಷನ್‌ನ 25ಎಚ್2ಗೆ 2027ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಇದೆ. ಅಕ್ಟೋಬರ್ ಬೇಡ, ಅದಕ್ಕೂ ಮೊದಲು ಬೇಸಿಗೆಯಲ್ಲೇ ಮಾಡಿ ಮುಗಿಸೋಣ ಅಂತ ಅತ್ತಿಗೆ ಈಗಲೇ ಹೇಳಿಟ್ಟಿದ್ದಾರೆ.